ಟೆಂಪೊ ಹತ್ತಿದ ತೋಟ

ಮಾರಾಟಕ್ಕಿಟ್ಟ ಮನೆಗೆ ತೋಟ ಮಾಡಿಕೊಡುವುದನ್ನು ಕಲಿಸಲು ಈಗ ಕೋರ್ಸು ಇದೆಯಂತೆ. ಅದನ್ನು ಓದಿಕೊಂಡು ಈ ಕಸುಬಿಗೆ ಇಳಿಯಲು ಹೊರಟಿದ್ದ ಕೆಲವರು ಈಚೆಗೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಿಮ್ಮ ಕಾಲದಲ್ಲಿ ಯಾವ ವಿಧಾನ ಅನುಸರಿಸುತ್ತಿದ್ದಿರಿ ಎಂದು ವಿನಯದಿಂದ ಕೇಳಿದರು. ಮೋಸ ಎಂದೆ. ಮುದುಕ ತಮಾಷೆ ಮಾಡುತ್ತಾನೆ ಎಂದುಕೊಂಡು ನಕ್ಕು, ಕಾಫಿ ಕುಡಿದು ಹೋದರು. ನಾನು ತಮಾಷೆ ಮಾಡಿರಲಿಲ್ಲ. ಆದ್ದರಿಂದ ಕೂತು ಬರೆಯುತ್ತಿದ್ದೇನೆ, ಓದುವವರು ಓದಲಿ.

ನನ್ನ ಹೆಸರು ಚೆಲುವಯ್ಯ. ತೊಂಬತ್ತರ ದಶಕವೆಲ್ಲ ನಾನು ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಒಂದು ನರ್ಸರಿಯಲ್ಲಿ ಮಾಲಿಯಾಗಿದ್ದೆ. ಅದರ ಒಡೆಯರು ರಾಮಲಿಂಗಪ್ಪನವರು. ಅವರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು, ಅವರೂ ಅದನ್ನು ನಂಬಿದ್ದರು. ಮುಂದೆ ಗಿಡ ಮಾರುವುದು, ಹಿಂದಿನ ಕೋಣೆಯಲ್ಲಿ ಫೋನು ಇಟ್ಟುಕೊಂಡು ಮನೆ ದಳ್ಳಾಳಿ ಮಾಡುವುದು, ಹೀಗೆ ಅವರದು ಎರಡು ಕಸುಬು. ಒಂದು ಸಲ ಬೆಂಗಳೂರಿಗೆ ಹೋಗಿದ್ದಾಗ ಯಾರೋ ಅವರ ಕಿವಿಯಲ್ಲಿ, ದೊಡ್ಡ ಊರುಗಳಲ್ಲಿ ಜನ ಮೊದಲು ತೋಟ ನೋಡಿ ಆಮೇಲೆ ಮನೆ ನೋಡುತ್ತಾರೆ ಎಂದು ಊದಿದರು. ಸಾವ್ಕಾರ್ರು ವಾಪಸ್ಸು ಬಂದವರೇ ಎರಡೂ ಕಸುಬನ್ನು ಒಂದೇ ಗಾಡಿಗೆ ಕಟ್ಟಿದರು. ಆ ಗಾಡಿಯೇ ನಮ್ಮ ಟೆಂಪೊ.

ಮನೆ ನೋಡಲು ಗಿರಾಕಿ ಬರುತ್ತಾರೆ ಎಂದು ಗೊತ್ತಾದ ದಿನ ಬೆಳಿಗ್ಗೆ ನಾನು ಕುಂಡಗಳನ್ನೆಲ್ಲ ಟೆಂಪೊಗೆ ಏರಿಸಿ ಆ ಮನೆಗೆ ಒಯ್ಯಬೇಕು. ಬಾಗಿಲ ಎರಡೂ ಕಡೆ ಕ್ರೋಟನ್ನು, ಗೇಟಿನಿಂದ ಮೆಟ್ಟಿಲವರೆಗೆ ಸುಣ್ಣ ಬಳಿದ ಕಲ್ಲಿನ ಸಾಲು, ಅದರ ಅಂಚಿಗೆ ಕೆಮ್ಮಣ್ಣು. ಕುಂಡಗಳ ಸುತ್ತ ಮಣ್ಣು ಏರಿಸಿ, ಮೇಲೆ ತರಗು ಹರಡಿದರೆ ಗಿಡ ಅಲ್ಲೇ ಹುಟ್ಟಿ ಬೆಳೆದ ಹಾಗೆ ಕಾಣುತ್ತಿತ್ತು. ಗಿರಾಕಿ ಗೇಟು ದಾಟಿ ಹೋದ ಮೇಲೆ ಎಲ್ಲವನ್ನೂ ಕಿತ್ತು ಮತ್ತೆ ಟೆಂಪೊಗೆ ಏರಿಸಬೇಕು. ಸಾವ್ಕಾರ್ರ ಕಟ್ಟಪ್ಪಣೆ ಒಂದೇ ಇತ್ತು.

"ಯಾವ್ ಗಿಡಾನೂ ನೆಲಕ್ಕೆ ಬೇರು ಬುಡಬಾರ್ದು ಕಣ್ಲಾ ಚೆಲುವ. ಬೇರು ಬುಟ್ರೆ ಅದು ನಮ್ ಗಿಡ ಅಲ್ಲ, ಅವ್ರ್ ಗಿಡ."

ಹೀಗೆ ವರ್ಷಗಟ್ಟಲೆ ನಾನು ನೆಲಕ್ಕೆ ಗುದ್ದಲಿ ತಾಗಿಸದೆ ಮಾಲಿ ಎನಿಸಿಕೊಂಡೆ. ನಾಟಕದ ಕಂಪನಿಯವರೇ ವಾಸಿ, ಅವರು ಕಾಡಿನ ಪರದೆ ಇಳಿಬಿಟ್ಟಾಗ ಅದು ಪರದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಮೊದಲ ಮೊದಲು ನಮ್ಮ ಆಟ ಸಾಗಲಿಲ್ಲ. ನಾಗಮಂಗಲದಲ್ಲಿ ಒಬ್ಬ ಮೇಷ್ಟ್ರ ಮನೆಗೆ ಸಾವ್ಕಾರ್ರು ಮೈಸೂರಿನಿಂದ ಚೌಕ ಚೌಕವಾಗಿ ಕತ್ತರಿಸಿದ ಹುಲ್ಲುಹಾಸು ತರಿಸಿದರು. ನಾನು ಚಾಪೆ ಹಾಸಿದ ಹಾಗೆ ಅದನ್ನು ಅಂಗಳಕ್ಕೆ ಹಾಸಿದೆ. ಸುತ್ತ ಎತ್ತ ನೋಡಿದರೂ ಒಣಗಿದ ನೆಲ, ನಡುವೆ ಇದೊಂದು ಹಸಿರು ಕಂಬಳಿ. ಗಿರಾಕಿ ಬರುವಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಕುರಿಮಂದೆ ಅದನ್ನು ಕಂಡಿತು, ಒಳಗೆ ನುಗ್ಗಿತು, ಮೇಯತೊಡಗಿತು. ನಾನೂ ಮೇಷ್ಟ್ರೂ ಕೂಗಾಡಿ ಓಡಿಸುತ್ತಿರುವಾಗಲೇ ಗಿರಾಕಿ ಬಂದು ನಿಂತರು. ಅವರು ಹಳ್ಳಿಯ ರೈತರು. ಬಹಳ ಹೊತ್ತು ಕುರಿಗಳನ್ನೇ ನೋಡಿ, ಮನೆ ಹಾಗಿರಲಿ, ಇಷ್ಟು ಆಸೆಯಿಂದ ಮೇಯುವ ಈ ಹುಲ್ಲಿನ ಬಿತ್ತನೆ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದರು. ಮನೆಯ ಒಳಕ್ಕೂ ಕಾಲಿಡಲಿಲ್ಲ.

ಪಾಂಡವಪುರದ ಗುಲಾಬಿಯ ಕತೆ ಇದಕ್ಕಿಂತ ಚಂದ. ಅಲ್ಲಿ ನಿವೃತ್ತ ಎಂಜಿನಿಯರೊಬ್ಬರ ಮನೆ ಮಾರಾಟಕ್ಕಿತ್ತು. ಗುಲಾಬಿ ಗಿಡಗಳಿದ್ದವು, ಹೂವಿರಲಿಲ್ಲ. ಸಾವ್ಕಾರ್ರು ಮಾರ್ಕೆಟ್ಟಿನಿಂದ ಹೂ ತಂದು, ಹಸಿರು ದಾರದಲ್ಲಿ ಕೊಂಬೆಗಳಿಗೆ ಕಟ್ಟು ಎಂದರು. ಒಂದೊಂದಕ್ಕೂ ಬೇರೆ ಬೇರೆ ದಾರ ಕತ್ತರಿಸಲು ಬೇಜಾರಾಗಿ ನಾನು ಒಂದೇ ಉದ್ದದ ದಾರದಲ್ಲಿ ಗಿಡದಿಂದ ಗಿಡಕ್ಕೆ ಹಾಯಿಸಿ ಎಲ್ಲವನ್ನೂ ಕಟ್ಟಿಬಿಟ್ಟೆ. ಗಿರಾಕಿಯ ಹೆಂಡತಿಗೆ ಹೂ ಬಹಳ ಹಿಡಿಸಿತು. ಮುಡಿಯಲು ಒಂದು ಕಿತ್ತುಕೊಳ್ಳಲೇ ಎಂದು ಕೇಳಿದರು. ಎಂಜಿನಿಯರ ಹೆಂಡತಿಗೆ ನಮ್ಮ ಕೈಚಳಕ ತಿಳಿಯದು, ಧಾರಾಳವಾಗಿ ಕಿತ್ತುಕೊಳ್ಳಿ ಎಂದರು. ಆಕೆ ಒಂದು ಹೂ ಹಿಡಿದು ಎಳೆದರು. ಇಡೀ ಸಾಲಿನ ಗಿಡಗಳು ಒಟ್ಟಿಗೆ ಬಗ್ಗಿ ಅವರಿಗೆ ನಮಸ್ಕಾರ ಮಾಡಿದವು. ಸಾವ್ಕಾರ್ರು ಅಷ್ಟರಲ್ಲಿ ಟೆಂಪೊದೊಳಗೆ ಕೂತಿದ್ದರು.

ಇಂಥವೆಲ್ಲ ಆದ ಮೇಲೆ ಸಾವ್ಕಾರ್ರು ವಿಧಾನ ಬದಲಾಯಿಸಿದರು. ನಮ್ಮ ಸೀಮೆಯಲ್ಲಿ ಮನೆ ನೋಡಲು ಬರುವ ಗಂಡಸರು ಗೋಡೆಯ ಬಿರುಕು ನೋಡುತ್ತಾರೆ, ಪತ್ರ ಕೇಳುತ್ತಾರೆ, ಗಂಭೀರವಾಗಿ ತಲೆಯಾಡಿಸುತ್ತಾರೆ. ಅವರು ಏನು ನೋಡಿದರೂ ಒಂದೇ. ತೀರ್ಮಾನ ಮಾಡುವವರು ಹಿಂದೆ ಬರುವ ಹೆಂಗಸರು. ಅವರು ಮೊದಲು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡುತ್ತಾರೆ, ಆಮೇಲೆ ಹಿತ್ತಲಿಗೆ ಹೋಗಿ ತುಳಸಿ ಹೇಗಿದೆ ಎಂದು ನೋಡುತ್ತಾರೆ. ತುಳಸಿ ಬಾಡಿದ್ದರೆ ಆ ಮನೆ ಆಗಿಬರುವುದಿಲ್ಲ ಎಂದು ಅರ್ಥ, ಮುಂದಿನ ಮಾತಿಲ್ಲ. ಇಷ್ಟು ತಿಳಿಯಲು ನಮಗೆ ಎಷ್ಟೋ ಕ್ರೋಟನ್ನು ದಂಡವಾಯಿತು.

ಆಗಿನಿಂದ ಟೆಂಪೊದಲ್ಲಿ ಕರಿಬೇವು, ಬಾಳೆಕಂದು, ಮಲ್ಲಿಗೆಬಳ್ಳಿ ಕೂತವು. ಎಲ್ಲಕ್ಕಿಂತ ಮುಂದೆ, ಡ್ರೈವರ್ ಪಕ್ಕದಲ್ಲಿ, ಒಂದು ಕೃಷ್ಣತುಳಸಿ. ಅದು ನಮ್ಮ ನರ್ಸರಿಯ ಕಿರೀಟ. ಕಪ್ಪಗೆ, ದಟ್ಟವಾಗಿ, ಕದಿರು ಬಿಟ್ಟು ನಿಂತರೆ ಎಂಥ ಜಗಳಗಂಟಿ ಮನೆಯೂ ಲಕ್ಷಣವಾಗಿ ಕಾಣುತ್ತಿತ್ತು. ಸಾವ್ಕಾರ್ರು ಅದಕ್ಕೆ ಹೆಡ್ ಕ್ಲರ್ಕು ಎಂದು ಹೆಸರಿಟ್ಟಿದ್ದರು, ಅದು ಕೈ ಆಡಿಸದೆ ಯಾವ ಮನೆಯೂ ಮಾರಾಟವಾಗುತ್ತಿರಲಿಲ್ಲ. ನಾನು ಹಿಂದೆ ಕುಂಡಗಳ ಮಧ್ಯೆ ನಿಂತು ಪ್ರಯಾಣ ಮಾಡುತ್ತಿದ್ದೆ. ತುಳಸಿಗೆ ಸೀಟು, ನನಗಿಲ್ಲ.

ಈಗ ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ.

ಕೆ.ಆರ್. ಪೇಟೆಯಲ್ಲಿ ಲಿಂಗಾಚಾರಿ ಎಂಬ ಬಡಗಿ ಇದ್ದರು. ಅವರ ಅಪ್ಪ, ತಾತ ಎಲ್ಲ ಎತ್ತಿನ ಗಾಡಿ, ನೇಗಿಲು ಮಾಡಿದವರು. ಲಿಂಗಾಚಾರಿಯವರ ಕಾಲಕ್ಕೆ ಊರೂರಿಗೆ ಟ್ರಾಕ್ಟರು ಬಂತು. ಗಾಡಿ ಮಾಡಿಸುವವರು ಇಲ್ಲವಾದರು, ರಿಪೇರಿಗೂ ಬರುವವರಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿಯಲ್ಲಿ ಮರ ಕೊಯ್ಯುವ ಮಿಲ್ಲಿನವರೊಬ್ಬರು ತಮ್ಮ ಪಕ್ಕದ ಶೆಡ್ಡನ್ನು ಲಿಂಗಾಚಾರಿಗೆ ಕೊಡುವುದಾಗಿ ಒಪ್ಪಿದ್ದರು. ಹೊಸ ಬಡಾವಣೆಗಳು ಏಳುತ್ತಿದ್ದ ಕಾಲ, ಬಾಗಿಲು ಕಿಟಕಿಗೆ ಕೈತುಂಬ ಕೆಲಸ ಸಿಗುತ್ತಿತ್ತು. ಆದರೆ ಕೆ.ಆರ್. ಪೇಟೆಯ ಮನೆ ಮಾರಿ ಮುಂಗಡ ಕಟ್ಟಿದರೆ ಮಾತ್ರ ಶೆಡ್ಡು, ಅದೂ ದೀಪಾವಳಿಯ ಒಳಗೆ. ತಡವಾದರೆ ಶೆಡ್ಡು ಬೇರೆಯವರ ಪಾಲು. ಲಿಂಗಾಚಾರಿಯವರ ಹೆಂಡತಿ ಗೌರಮ್ಮ ಇದನ್ನು ನನಗೆ ಹೇಳಿದಾಗ ಅವರ ಗಂಡ ಜಗಲಿಯ ಮೇಲೆ ಕೂತು ಉಳಿ ಮಸೆಯುತ್ತಿದ್ದರು. ಕೆಲಸವಿಲ್ಲದಿದ್ದರೂ ದಿನಾ ಮಸೆಯುತ್ತಾರೆ ಎಂದು ಆಕೆ ಹೇಳಿದರು.

ಮನೆ ಒಳ್ಳೆಯದು, ಗಟ್ಟಿ ತೊಲೆ, ಕೊರೆದ ಬಾಗಿಲು. ಆದರೆ ಮಾರಾಟವಾಗುತ್ತಿರಲಿಲ್ಲ. ಹಿತ್ತಲಲ್ಲಿ ತುಳಸಿಕಟ್ಟೆ ಇತ್ತು, ಗಿಡ ಇರಲಿಲ್ಲ. ಎರಡು ವರ್ಷದಿಂದ ಗೌರಮ್ಮ ಎಷ್ಟು ಸಲ ಸಸಿ ನೆಟ್ಟರೂ ಸುಟ್ಟಂತೆ ಕಪ್ಪಾಗಿ ಸಾಯುತ್ತಿತ್ತು. ಹಿತ್ತಲ ಗೋಡೆಯ ಆಚೆ ತಿಮ್ಮೇಗೌಡರ ಮನೆ. ತಿಮ್ಮೇಗೌಡರು ಹಾಲಿನ ಡೇರಿಗೆ ಹಾಲು ಹಾಕಲೆಂದು ಸೀಮೆಹಸುಗಳನ್ನು ತಂದು ದೊಡ್ಡ ಕೊಟ್ಟಿಗೆ ಕಟ್ಟಿಸಿದ್ದರು. ಕೊಟ್ಟಿಗೆ ಸಾಲದಾಗಿ ಲಿಂಗಾಚಾರಿಯವರ ಮನೆ ಅವರ ಕಣ್ಣಿಗೆ ಬಿದ್ದಿತ್ತು. ಅಗ್ಗವಾಗಿ ಸಿಕ್ಕರೆ ಹುಲ್ಲು ತುಂಬಲು ಆಗುತ್ತದೆ ಎಂಬ ಲೆಕ್ಕ. ಅದಕ್ಕೇ ಮನೆ ನೋಡಲು ಯಾರೇ ಬರಲಿ, ಗೋಡೆಯ ಮೇಲೆ ಅವರ ತಲೆ ಕಾಣಿಸಿಕೊಳ್ಳುತ್ತಿತ್ತು.

"ಮನೆ ಏನೋ ಚೆಂದಾಗದೆ. ಆದ್ರೆ ಆ ಮನೇಲಿ ತುಳಸಿ ನಿಲ್ಲಾಕಿಲ್ಲ ಕಣಪ್ಪ. ಯಾಕೋ ಏನೋ, ದ್ಯಾವ್ರಿಗೇ ಗೊತ್ತು."

ಇಷ್ಟೇ ಹೇಳಿ ತಲೆ ಇಳಿಸುತ್ತಿದ್ದರು. ಬೈಗುಳವಾಗಿದ್ದರೆ ಜಗಳವಾಡಬಹುದಿತ್ತು. ಇದು ಅನುಕಂಪ, ಇದಕ್ಕೆ ಉತ್ತರವಿಲ್ಲ. ಗಿರಾಕಿಗಳು ಹಾಗೇ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದರು.

ಗೌರಮ್ಮ ಬಂದು ಸಾವ್ಕಾರ್ರ ಮುಂದೆ ನಿಂತಾಗ ಸಾವ್ಕಾರ್ರು ಎದೆ ತಟ್ಟಿಕೊಂಡು, ಹೆಡ್ ಕ್ಲರ್ಕನ್ನು ಕಳಿಸುತ್ತೇನೆ ಎಂದರು. ಗಿಡ ಯಾಕೆ ಸಾಯುತ್ತದೆ ಎಂದು ಕಟ್ಟೆ ಅಗೆದು ನೋಡೋಣ ಎಂದು ನಾನು ಹೇಳಿದೆ. ಅವರಿಗೆ ಸಿಟ್ಟು ಬಂತು. ನಾವು ಮನೆ ಮಾರುವವರು, ವ್ಯವಸಾಯ ಮಾಡುವವರಲ್ಲ ಎಂದರು. ಅಗೆಯಲಿಲ್ಲ.

ಅದಕ್ಕೂ ಸ್ವಲ್ಪ ದಿನ ಮೊದಲು ನಾಗಮಂಗಲದಲ್ಲಿ ಒಂದು ಸಣ್ಣ ಘಟನೆ ನಡೆದಿತ್ತು. ಸಂತೆಬಾಚಹಳ್ಳಿ ಕಡೆಯ ಬೋರೇಗೌಡ ಎಂಬುವವರು ತಮ್ಮ ತಾಯಿ ಸಣ್ಣತಾಯಮ್ಮನ ಜೊತೆ ಅಲ್ಲಿ ಮನೆ ನೋಡಲು ಬಂದಿದ್ದರು. ಮಕ್ಕಳ ಓದಿಗೆ ಪೇಟೆಯಲ್ಲಿ ಒಂದು ಮನೆ ಬೇಕಾಗಿತ್ತು. ಸಣ್ಣತಾಯಮ್ಮ ಹಸು ಕಟ್ಟಿ, ಹಾಲು ಕರೆದು ಸಂಸಾರ ಎತ್ತಿದವರು, ಗಟ್ಟಿ ಹೆಂಗಸು. ನಮ್ಮ ತುಳಸಿಯನ್ನು ಕಂಡು ಅವರಿಗೆ ಸಂತೋಷವಾಯಿತು. ಒಳ್ಳೆಯ ಮನೆ ಸಿಕ್ಕಿದರೆ ಪೂಜೆ ಮಾಡಿಸುತ್ತೇನೆ ಎಂದು ಹರಕೆ ಹೊತ್ತು, ಎಲೆಅಡಿಕೆ ಚೀಲದಲ್ಲಿದ್ದ ಒಂದು ಅರಿಶಿನದ ಕೊಂಬು ತೆಗೆದರು. ಕಟ್ಟಲು ದಾರವಿರಲಿಲ್ಲ. ಸೆರಗಿನ ಕೆಂಪು ಅಂಚನ್ನು ಹರಿದು ಅದರಲ್ಲೇ ಕೊಂಬನ್ನು ತುಳಸಿಯ ಕಾಂಡಕ್ಕೆ ಕಟ್ಟಿದರು. ನೀರಿನ ತಾಪತ್ರಯ ಎಂದು ಆ ಮನೆ ಬೇಡವೆಂದು ಹೋದರು. ತುಳಸಿ ಟೆಂಪೊ ಹತ್ತಿತು, ಕೊಂಬೂ ಹತ್ತಿತು.

ಇಲ್ಲಿ ಒಂದು ಮಾತು ಹೇಳಬೇಕು. ನಾನೂ ಸಾವ್ಕಾರ್ರೂ ಹೂವನ್ನು ದಾರದಲ್ಲಿ ಕಟ್ಟಿದವರು, ಹುಲ್ಲನ್ನು ಚಾಪೆ ಮಾಡಿದವರು, ಒಂದೇ ಬಾಳೆಕಂದನ್ನು ನಾಲ್ಕು ತಾಲ್ಲೂಕಿಗೆ ತೋರಿಸಿದವರು. ನಮಗೆ ಹೆದರಿಕೆ ಎಂಬುದೇ ಇರಲಿಲ್ಲ. ಆದರೆ ಆ ಕೆಂಪು ಅಂಚಿನ ಗಂಟನ್ನು ಬಿಚ್ಚಲು ನಮ್ಮಿಬ್ಬರಿಗೂ ಕೈ ಬರಲಿಲ್ಲ.

"ಇನ್ನೊಬ್ರ ಹರಕೆ ಕಣ್ಲಾ, ಮುಟ್ಟಬ್ಯಾಡ," ಎಂದರು ಸಾವ್ಕಾರ್ರು. "ಗ್ವಾಡೆ ಕಡೆಗೆ ತಿರುಗ್ಸಿ ಇಡು, ಯಾರ್ಗೂ ಕಾಣಾಕಿಲ್ಲ."

ಬುದ್ಧಿವಂತ ಮೋಸಗಾರನಾಗಿದ್ದರೆ ಆ ಗಂಟನ್ನು ಕತ್ತರಿಸಿ ಎಸೆಯುತ್ತಿದ್ದ. ನಾವು ದೈವಭಕ್ತ ಮೋಸಗಾರರು. ನಮ್ಮಂಥವರೇ ಸಿಕ್ಕಿಬೀಳುವುದು.

ಕೆ.ಆರ್. ಪೇಟೆಗೆ ಅವತ್ತು ಮೈಸೂರಿನ ಒಬ್ಬರು ಮನೆ ನೋಡಲು ಬರುವವರಿದ್ದರು. ನಾನು ಬೆಳಿಗ್ಗೆಯೇ ಹೋಗಿ ಕಟ್ಟೆಯ ಮೇಲಿನ ಮಣ್ಣನ್ನು ಸ್ವಲ್ಪ ಸರಿಸಿ, ಕುಂಡ ಇಟ್ಟು, ಸುತ್ತ ಮಣ್ಣು ಏರಿಸಿದೆ. ಕೊಂಬು ಗೋಡೆಯ ಕಡೆಗೆ. ಬಾಗಿಲ ಬಳಿ ಬಾಳೆ, ಹಿತ್ತಲಲ್ಲಿ ಕರಿಬೇವು. ಗೌರಮ್ಮ ತುಳಸಿಯನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡರು. ಲಿಂಗಾಚಾರಿ ಉಳಿ ಕೆಳಗಿಟ್ಟು ಎದ್ದು ಬಂದು ನೋಡಿದರು. ದೀಪಾವಳಿ ಹತ್ತಿರ ಬಂದಿತ್ತು.

ಮೈಸೂರಿನವರು ಬಂದರು, ಎಲ್ಲ ಒಪ್ಪಿದರು. ಆಗ ಗೋಡೆಯ ಮೇಲೆ ತಿಮ್ಮೇಗೌಡರ ತಲೆ ಎದ್ದಿತು. ಈ ತುಳಸಿ ಇವತ್ತು ಬೆಳಿಗ್ಗೆ ಬಂದದ್ದು, ನಾಳೆ ಇದೂ ನಿಲ್ಲುವುದಿಲ್ಲ ಎಂದು ಹೇಳಿ ತಲೆ ಇಳಿಯಿತು. ಮೈಸೂರಿನವರು ಕಟ್ಟೆಯನ್ನೂ ನಮ್ಮನ್ನೂ ನೋಡಿದರು. ಯೋಚನೆ ಮಾಡಿ ಹೇಳುತ್ತೇವೆ ಎಂದು ಕಾರು ಹತ್ತಿದರು. ಯೋಚನೆ ಮಾಡುತ್ತೇವೆ ಎನ್ನುವ ಗಿರಾಕಿ ತಿರುಗಿ ಬಂದದ್ದನ್ನು ನನ್ನ ಕಸುಬಿನಲ್ಲಿ ನಾನು ನೋಡಿಲ್ಲ. ಲಿಂಗಾಚಾರಿ ಒಳಗೆ ಹೋಗಿ ಕೂತರು. ಸಾವ್ಕಾರ್ರು ಗಡಿಯಾರ ನೋಡಿಕೊಂಡು, ಕುಂಡ ಏರಿಸಲು ನನಗೆ ಕೈಸನ್ನೆ ಮಾಡಿದರು.

ನಾನು ಬಾಳೆಕಂದನ್ನು ಎತ್ತಿಕೊಂಡು ಗೇಟಿನ ಹತ್ತಿರ ಬಂದರೆ ಎದುರಿಗೆ ಸಣ್ಣತಾಯಮ್ಮ, ಹಿಂದೆ ಬೋರೇಗೌಡ. ಡೇರಿಯಲ್ಲಿ ಯಾರೋ ಈ ಮನೆ ಮಾರಾಟಕ್ಕಿದೆ ಎಂದಿದ್ದರಂತೆ, ಸಂತೆಗೆ ಬಂದವರು ಹಾಗೇ ನೋಡಿಕೊಂಡು ಹೋಗೋಣ ಎಂದು ಬಂದಿದ್ದರು. ಸಣ್ಣತಾಯಮ್ಮ ನನ್ನ ಮುಖ ನೋಡಿ, ಕೈಯಲ್ಲಿದ್ದ ಬಾಳೆ ನೋಡಿ, ಎಲ್ಲೋ ನೋಡಿದ ಹಾಗಿದೆ ಎಂದರು. ನನ್ನನ್ನೋ ಬಾಳೆಯನ್ನೋ ತಿಳಿಯಲಿಲ್ಲ.

ಅವರು ನಲ್ಲಿ ತಿರುಗಿಸಿ ನೋಡಿದರು, ನೀರು ಬಂತು. ತೊಲೆ ನೋಡಿದರು, ಬಾಗಿಲಿನ ಕೆತ್ತನೆಯ ಮೇಲೆ ಕೈಯಾಡಿಸಿದರು. ಆಮೇಲೆ ಹಿತ್ತಲಿಗೆ ನಡೆದರು. ತುಳಸಿಯನ್ನು ಕಂಡು ಪ್ರದಕ್ಷಿಣೆಗೆ ಹೊರಟರು. ಕಟ್ಟೆಗೂ ಗೋಡೆಗೂ ನಡುವೆ ಒಬ್ಬರು ತೂರುವಷ್ಟು ಸಂದಿ. ಅಲ್ಲಿ ತೂರಿದವರು ಹಾಗೇ ನಿಂತುಬಿಟ್ಟರು. ಅವರ ಕಣ್ಣ ಮುಂದೆ ಅವರದೇ ಅರಿಶಿನದ ಕೊಂಬು, ಅವರದೇ ಸೆರಗಿನ ಅಂಚು, ಅವರೇ ಹಾಕಿದ ಗಂಟು.

ನಾನು ಬಾಳೆಯನ್ನು ಕೆಳಗಿಡಲೂ ಆಗದೆ ನಿಂತಿದ್ದೆ. ಸಾವ್ಕಾರ್ರು ಆಕಾಶ ನೋಡುತ್ತಿದ್ದರು. ಸಣ್ಣತಾಯಮ್ಮ ಕೊಂಬನ್ನು ಮುಟ್ಟಿದರು. ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನಿಧಾನವಾಗಿ ನೋಡಿದರು. ಬಗ್ಗಿ ಕಟ್ಟೆಯ ಬುಡ ಮೂಸಿದರು. ಅಷ್ಟರಲ್ಲಿ ಗೋಡೆಯ ಮೇಲೆ ತಿಮ್ಮೇಗೌಡರ ತಲೆ ಬಂತು, ತನ್ನ ಪಾಠ ಒಪ್ಪಿಸಿತು. ಈ ಮನೆಯಲ್ಲಿ ತುಳಸಿ ನಿಲ್ಲುವುದಿಲ್ಲ.

ಸಣ್ಣತಾಯಮ್ಮ ತಲೆ ಎತ್ತಿ ಆ ತಲೆಯನ್ನು ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ದನಿ ತೆಗೆದರು.

"ನಿಲ್ಲಾಕಿಲ್ವಾ? ಬಾ ಗೌಡ, ಈ ಕಡೆ ಬಂದು ನೋಡು. ನಾಗಮಂಗಲದಲ್ಲಿ ನಾನು ಹರಕೆ ಕಟ್ಟಿದ್ ತಾಯಿ ಇವ್ಳು. ನನ್ ಸೆರಗು ನೋಡು, ಗಂಟು ನೋಡು. ನನ್ಗಿಂತ ಮುಂಚೆ ಇಲ್ಲಿಗ್ ಬಂದು ನಿಂತವ್ಳೆ. ಇದೇ ನಿನ್ನ ಮನೆ ಅಂತ ತೋರುಸ್ತಾವ್ಳೆ."

ಸೆರಗನ್ನು ಹಿಡಿದು ತೋರಿಸಿದರು. ಹರಿದ ಅಂಚು ಹಾಗೇ ಇತ್ತು. ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಬಂದರು. ಸೆರಗನ್ನೂ ಕೊಂಬನ್ನೂ ಸರಿಹೊಂದಿಸಿ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಹಿತ್ತಲು ತುಂಬಿತು, ಆರತಿ ಬಂತು, ತೆಂಗಿನಕಾಯಿ ಒಡೆಯಿತು. ಎಲ್ಲರೂ ಕೈಮುಗಿಯುತ್ತಿರುವಾಗ ತಿಮ್ಮೇಗೌಡರೊಬ್ಬರು ಗೋಡೆಯ ಮೇಲೆ ತಲೆ ಇಟ್ಟುಕೊಂಡು ನಿಲ್ಲುವುದು ಹೇಗೆ? ಸುತ್ತಿಕೊಂಡು ಬಂದರು, ಕೈಮುಗಿದರು, ತೀರ್ಥವನ್ನೂ ತೆಗೆದುಕೊಂಡರು. ನಮ್ಮ ಸಾವ್ಕಾರ್ರಂತೂ ಶಲ್ಯ ಸೊಂಟಕ್ಕೆ ಕಟ್ಟಿ, ತಾವೇ ಪೂಜಾರಿ ಎನ್ನುವ ಹಾಗೆ ಕಟ್ಟೆಯ ಪಕ್ಕ ನಿಂತು ಕಣ್ಣು ಒರೆಸಿಕೊಂಡರು. ನಿಜವಾದ ಕಣ್ಣೀರೇ. ಸಿಕ್ಕಿಬೀಳದೆ ಉಳಿದ ಖುಷಿಗೆ ಬಂದದ್ದು.

ಉಳಿದಿದ್ದೇವೆ ಎಂದುಕೊಂಡದ್ದು ನಮ್ಮ ಭ್ರಮೆ. ಜನ ಚದುರಿದ ಮೇಲೆ ಸಣ್ಣತಾಯಮ್ಮ ನಮ್ಮಿಬ್ಬರನ್ನು ಕರಿಬೇವಿನ ಮರೆಗೆ ಕರೆದರು.

"ತುಳಸಿ ನಡ್ಕಂಡ್ ಬರಾಕಿಲ್ಲ ಕಣಪ್ಪ, ಟೆಂಪೊ ಹತ್ಕಂಡ್ ಬತ್ತದೆ," ಎಂದರು. "ಬೀದಿ ಕೊನೇಲಿ ನಿಲ್ಸಿರೋದು ನಿಮ್ದೇ ತಾನೆ?"

ಸಾವ್ಕಾರ್ರು ಏನೋ ಹೇಳಲು ಹೋದರು. ಆಕೆ ಕೈ ಅಡ್ಡ ಹಿಡಿದು ಎರಡು ಷರತ್ತು ಹಾಕಿದರು. ಒಂದು, ಈ ವ್ಯಾಪಾರದಲ್ಲಿ ಸಾವ್ಕಾರ್ರು ಯಾವ ಕಡೆಯಿಂದಲೂ ದಳ್ಳಾಳಿ ಕೇಳಬಾರದು. ಇನ್ನೊಂದು, ತುಳಸಿ ಇನ್ನು ಟೆಂಪೊ ಹತ್ತಬಾರದು, ಇವತ್ತೇ ನೆಲ ಸೇರಬೇಕು. ಇಲ್ಲವಾದರೆ ಈಗ ಹೋದ ಜನರನ್ನೇ ಮತ್ತೆ ಕೂಗಿ ಕರೆಯುತ್ತೇನೆ ಎಂದರು. ಸಾವ್ಕಾರ್ರು ಹೆಡ್ ಕ್ಲರ್ಕನ್ನು ಒಂದು ಸಲ ನೋಡಿ, ಆಗಲಿ ಅಮ್ಮ ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನನಗೆ ಒಂದು ಅರ್ಥವಾಗಲಿಲ್ಲ. ಎಲ್ಲ ಗೊತ್ತಿದ್ದೂ ಯಾಕೆ ಹಾಗೆ ಕೂಗಿದಿರಿ ಎಂದು ಕೇಳಿಯೇಬಿಟ್ಟೆ. ತಿಮ್ಮೇಗೌಡರ ಮಾತಿಗೆ ಹೂಂಗುಟ್ಟಿದ್ದರೆ ಮನೆ ಅರ್ಧಕ್ಕರ್ಧ ಅಗ್ಗವಾಗಿ ಸಿಗುತ್ತಿತ್ತು.

"ನಾನೂ ಒಂದ್ಸಲ ಹಸ ಮಾರಾಕೆ ಸಂತೆಗ್ ಹೋಗಿದ್ದೆ ಕಣ್ಲಾ ಮಗ," ಎಂದರು. "ಒಬ್ಬ ಬಂದು, ಇದು ಒದೆಯೋ ಹಸ, ಆಗ್ಬರಾಕಿಲ್ಲ ಅಂತ ಸುಳ್ ಹಬ್ಬಿಸ್ದ. ಸಂಜೆಗಂಟ ಕುಂತೆ, ಯಾರೂ ಕೇಳ್ನಿಲ್ಲ. ಕೊನೆಗೆ ಅವ್ನೇ ಬಂದು ಬಿಟ್ಟಿ ರೇಟ್ಗೆ ಹೊಡ್ಕಂಡ್ ಹೋದ. ಅವ್ನ್ ಮುಖ ಇನ್ನೂ ಮರ್ತಿಲ್ಲ. ಇವತ್ತು ಗ್ವಾಡೆ ಮೇಲೆ ಅದೇ ಮುಖ ಕಾಣ್ಸ್ತು."

ಆಮೇಲೆ ನನ್ನ ಕೈಗೆ ಗುದ್ದಲಿ ಕೊಡಿಸಿದರು. ಕಟ್ಟೆಯನ್ನು ತಳದವರೆಗೆ ಅಗೆದೆ. ಕೆಳಗಿನ ಮಣ್ಣು ಕಪ್ಪಗೆ, ಒದ್ದೆಯಾಗಿತ್ತು. ಗಬ್ಬೆಂದು ವಾಸನೆ ಮೂಗಿಗೆ ಹೊಡೆಯಿತು. ಗಂಜಲ. ಗೋಡೆಯ ಆಚೆಗಿನ ಕೊಟ್ಟಿಗೆಯ ಮೋರಿ ಬಿರುಕುಬಿಟ್ಟು, ಸೀಮೆಹಸುಗಳ ಗಂಜಲವೆಲ್ಲ ಎರಡು ವರ್ಷದಿಂದ ಕಟ್ಟೆಯ ಬುಡಕ್ಕೆ ಇಳಿಯುತ್ತಿತ್ತು. ಅಷ್ಟು ಗಂಜಲಕ್ಕೆ ತುಳಸಿಯಲ್ಲ, ಹುಣಸೆಮರವೂ ಸುಟ್ಟುಹೋಗುತ್ತದೆ. ಹಸು ಸಾಕಿದ ಮೂಗಿಗೆ ಅದು ಬಗ್ಗಿದ ಕೂಡಲೇ ತಿಳಿದಿತ್ತು. ಮಾಲಿ ಎನಿಸಿಕೊಂಡ ನನಗೆ ತಿಳಿಯಲಿಲ್ಲ. ಮಣ್ಣಿನ ವಾಸನೆ ಹಿಡಿಯುವ ಕೆಲಸವೇ ನನಗೆ ತಪ್ಪಿಹೋಗಿ ವರ್ಷಗಳಾಗಿದ್ದವು. ಲಿಂಗಾಚಾರಿ ಆ ಗುಂಡಿಯನ್ನು ನೋಡುತ್ತ ನಿಂತರು. ತಮ್ಮ ಮನೆಗೆ ಯಾವ ಶಾಪವೂ ಇರಲಿಲ್ಲ ಎಂಬುದು ಅವರಿಗೆ ಆಗ ಗೊತ್ತಾಯಿತು. ಗೌರಮ್ಮನ ಕಡೆ ತಿರುಗಿ, ನೀನು ಸರಿಯಾಗಿಯೇ ನೆಟ್ಟಿದ್ದೆ ಎಂದಷ್ಟೇ ಹೇಳಿದರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು.

ಸಣ್ಣತಾಯಮ್ಮ ತಿಮ್ಮೇಗೌಡರನ್ನು ಕರೆಸಿದರು. ಬೈಯಲಿಲ್ಲ. ತಾಯಿ ಬಂದು ನಿಂತಿರುವ ಜಾಗಕ್ಕೆ ನಿಮ್ಮ ಕೊಟ್ಟಿಗೆಯ ಗಂಜಲ ಹರಿಯುತ್ತಿದೆ, ಇದನ್ನು ಊರವರಿಗೆ ಹೇಳಲೋ ಅಥವಾ ನೀವೇ ಮೋರಿ ತಿರುಗಿಸುತ್ತೀರೋ ಎಂದು ಕೇಳಿದರು. ಇಡೀ ಬೀದಿಯ ಎದುರು ತೀರ್ಥ ಕುಡಿದ ಮನುಷ್ಯ. ಅವತ್ತೇ ಪಂಚೆ ಎತ್ತಿ ಕಟ್ಟಿ ತಮ್ಮ ಕೈಯಾರೆ ಮೋರಿಯನ್ನು ತಮ್ಮ ಕಡೆಗೇ ತಿರುಗಿಸಿಕೊಂಡರು. ನಾನು ಕಟ್ಟೆಗೆ ಹೊಸ ಮಣ್ಣು ತುಂಬಿದೆ. ಕುಂಡ ಒಡೆದು ತುಳಸಿಯನ್ನು ನೆಟ್ಟೆ. ಬೇರುಗಳು ಕುಂಡದೊಳಗೆ ಸುತ್ತಿ ಸುತ್ತಿ ಕುಂಡದ ಆಕಾರವೇ ಆಗಿಬಿಟ್ಟಿದ್ದವು. ಬೆರಳಿನಿಂದ ಬಿಡಿಸಿ ನೆಡುವಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎಷ್ಟೋ ವರ್ಷದ ಮೇಲೆ, ಮರುದಿನ ಕೀಳಬೇಕಾಗಿಲ್ಲದ ಗಿಡವೊಂದನ್ನು ನಾನು ನೆಟ್ಟಿದ್ದೆ.

ಸರಿಯಾದ ಬೆಲೆಗೆ ಮನೆ ಮಾರಾಟವಾಯಿತು. ಲಿಂಗಾಚಾರಿಗೆ ದೀಪಾವಳಿಗೆ ಮುಂಚೆಯೇ ಶೆಡ್ಡು ಸಿಕ್ಕಿತು. ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಅವರ ಉಳಿಪೆಟ್ಟಿನ ಸದ್ದು ಎಷ್ಟೋ ವರ್ಷ ಕೇಳುತ್ತಿತ್ತು. ಈಗ ಅವರು ಉಳಿ ಮಸೆಯುತ್ತಿದ್ದದ್ದು ಕೆಲಸಕ್ಕಾಗಿ.

ಇಷ್ಟೆಲ್ಲ ಆದ ಮೇಲೆ ನಮ್ಮ ಸಾವ್ಕಾರ್ರು ಏನು ಕಲಿತರು ಎಂದು ನೀವು ಕೇಳಬಹುದು. ಮಾರನೆಯ ದಿನ ನರ್ಸರಿಗೆ ಹೋದರೆ ಅಲ್ಲಿದ್ದ ಪ್ರತಿ ತುಳಸಿ ಗಿಡಕ್ಕೂ ಒಂದೊಂದು ಅರಿಶಿನದ ಕೊಂಬು ಕಟ್ಟಿತ್ತು. ಕೆಂಪು ಬಟ್ಟೆಯಲ್ಲೇ. ಹರಕೆಯ ತುಳಸಿ ಎಂದು ಹೇಳಿ ಅವನ್ನು ಬೇಗನೆ ಮಾರಿಬಿಟ್ಟರು. ನಾನು ಆಮೇಲೆ ಹೆಚ್ಚು ಕಾಲ ಅವರ ಹತ್ತಿರ ಇರಲಿಲ್ಲ. ನೆಲ ಅಗೆಯಲು ಬಿಡುವ ಕಡೆ ಕೆಲಸ ಹುಡುಕಿಕೊಂಡೆ.

ಕೆಲಸದಿಂದ ನಿವೃತ್ತನಾದ ಮೇಲೆ ಒಂದು ಕಾರ್ತಿಕದಲ್ಲಿ ಕೆ.ಆರ್. ಪೇಟೆಗೆ ಹೋಗಿದ್ದೆ. ಹಾಗೇ ಆ ಮನೆಯ ಕಡೆ ಕಾಲು ತಿರುಗಿತು. ಹಿತ್ತಲ ತುಂಬ ಹೆಂಗಸರು, ಕಟ್ಟೆಯ ಸುತ್ತ ದೀಪ. ಹಳೆಯ ಗಿಡ ಹೋಗಿ, ಅದರ ಬೀಜದಿಂದ ಹುಟ್ಟಿದ ಗಿಡ ಅಷ್ಟೇ ಕಪ್ಪಗೆ ನಿಂತಿತ್ತು. ಸಣ್ಣತಾಯಮ್ಮ ಬಹಳ ಹಣ್ಣಾಗಿದ್ದರು, ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಟ್ಟೆಯ ಪಕ್ಕ ನಿಂತು ಬಂದವರಿಗೆಲ್ಲ ಕತೆ ಹೇಳುತ್ತಿದ್ದವರು ತಿಮ್ಮೇಗೌಡರು.

ನಾಗಮಂಗಲದಿಂದ ತಾಯಿ ಬಂದ ಬೆಳಿಗ್ಗೆ ಬೀದಿಯಲ್ಲಿದ್ದವರು ತಾವೊಬ್ಬರೇ ಎಂದು ಅವರು ಹೇಳುತ್ತಿದ್ದರು. ತಾವೇ ಕಣ್ಣಾರೆ ಕಂಡರಂತೆ. ಬೀದಿಯ ತಿರುವಿನಲ್ಲಿ ತಾಯಿ ಒಂದು ಗಳಿಗೆ ನಿಂತಳಂತೆ, ಆಮೇಲೆ ಯಾರೂ ಮುಟ್ಟದೆ, ಯಾರೂ ಹಿಡಿಯದೆ ನೇರ ಈ ಗೇಟಿಗೆ ಬಂದಳಂತೆ. ಕೇಳುವವರಿಗೆ ಮೈ ಜುಮ್ಮೆಂದಿತು. ನಿಜ ಹೇಳಬೇಕೆಂದರೆ ತಿರುವಿನಲ್ಲಿ ನಿಂತದ್ದು ನಾನು, ತೋಳು ನೋವು ಬಂದು ಕುಂಡವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಳ್ಳಲು. ಅಂದರೆ ಗೌಡರು ಅವತ್ತು ನಿಜವಾಗಿಯೂ ಬೀದಿಯಲ್ಲಿದ್ದರು, ನಿಜವಾಗಿಯೂ ನೋಡಿದ್ದರು. ಗಿಡವನ್ನು ನೋಡಿದ್ದರು. ಹೊತ್ತವನನ್ನು ಮಾತ್ರ ಕಂಡಿರಲಿಲ್ಲ.

ನನ್ನ ಮುಖದಲ್ಲಿ ನಗು ಕಂಡಿತೋ ಏನೋ, ಅವರು ನನ್ನ ಕಡೆ ತಿರುಗಿದರು. ಗುರುತು ಹತ್ತಲಿಲ್ಲ.

"ನೀವು ನೋಡಿಲ್ಲ ಬುಡಿ, ನಿಮ್ಗೆ ನಂಬ್ಕೆ ಬರಾಕಿಲ್ಲ," ಎಂದರು. "ಕೈ ಮುಗೀರಿ."

ಮೂಲೆಯಲ್ಲಿ ಸಣ್ಣತಾಯಮ್ಮ ಬೊಚ್ಚುಬಾಯಿ ಸೆರಗಿನಿಂದ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ನಾನು ಕೈ ಮುಗಿದೆ.